ಬಿಸಿನೆಸ್ ಪದವಿ ಓದಿದರೆ ಬಿಸಿನೆಸ್ ಮಾಡಲು ಬರುತ್ತದಾ?

ಪ್ರಶ್ನೆ: ನನಗೆ 18 ವರ್ಷ. ಶಾಲೆ ಮುಗಿಸಿ ವಿಶ್ವವಿದ್ಯಾಲಯಗಳಿಗೆ ಅರ್ಜಿ ಹಾಕುತ್ತಿದ್ದೇನೆ. 'ಬಿಸಿನೆಸ್ ಮ್ಯಾನೇಜ್‌ಮೆಂಟ್ ಮತ್ತು ಉದ್ಯಮಶೀಲತೆ' ಅನ್ನುವ ಪದವಿ ಇಷ್ಟವಾಗಿದೆ. ಮುಂದೆ ಸ್ವಂತದ್ದೇನಾದರೂ ಶುರುಮಾಡುವ ಆಸೆ ಇದೆ, ಆದರೆ ಏನು ಅಂತ ಇನ್ನೂ ಗೊತ್ತಿಲ್ಲ. ಅಣ್ಣ ಹೇಳ್ತಾನೆ, 'ಬಿಸಿನೆಸ್ ಕಾಲೇಜಲ್ಲಿ ಕಲಿಯೋದಲ್ಲ, ದೊಡ್ಡ ದೊಡ್ಡವರೆಲ್ಲ ಕಾಲೇಜು ಬಿಟ್ಟವರೇ' ಅಂತ. ಅಮ್ಮನಿಗೆ ಇದನ್ನು ಓದಿದರೆ ಕೆಲಸ ಸಿಗುತ್ತಾ ಅನ್ನೋ ಚಿಂತೆ. ಉದ್ಯಮಶೀಲತೆಯನ್ನು ನಿಜವಾಗಲೂ ಕಲಿಸೋಕೆ ಆಗುತ್ತಾ? ಕೋರ್ಸ್ ಚೆನ್ನಾಗಿದೆಯೋ ಇಲ್ಲವೋ ಅಂತ ಹೊರಗಿನಿಂದ ಹೇಗೆ ಗುರುತಿಸೋದು?

ಉತ್ತರ: ಈ ಪದವಿಯ ಹೆಸರಿನಲ್ಲಿ ಎರಡು ಬೇರೆ ಬೇರೆ ಕೆಲಸಗಳಿವೆ. ಮ್ಯಾನೇಜ್‌ಮೆಂಟ್ ಅಂದರೆ ಈಗಾಗಲೇ ಇರುವ ಸಂಸ್ಥೆಯನ್ನು ನಡೆಸೋದು. ಅದರ ಬಹುಪಾಲನ್ನು ತರಗತಿಯಲ್ಲಿ ಕೂತು ಕಲಿಯಬಹುದು. ಉದ್ಯಮಶೀಲತೆ ಅಂದರೆ ಇಲ್ಲದ್ದನ್ನು ಹುಟ್ಟುಹಾಕೋದು. ಅದರಲ್ಲಿ ತರಗತಿ ಕೊಡುವುದು ಸ್ವಲ್ಪ ಮಾತ್ರ, ಉಳಿದದ್ದು ಗಿರಾಕಿಯ ಎದುರು ನಿಂತಾಗಲೇ ಬರೋದು. ಈ ಕೋರ್ಸ್‌ಗೆ ಸೇರುವವರಲ್ಲಿ ಹೆಚ್ಚಿನವರು ಹೆಸರಿನ ಎರಡನೇ ಭಾಗ ನೋಡಿ ಬರುತ್ತಾರೆ. ಆದರೆ ನನ್ನ ಪ್ರಕಾರ ಪದವಿಗೆ ಕೊಟ್ಟ ವರ್ಷಗಳು ವಸೂಲಾಗೋದು ಮೊದಲನೇ ಭಾಗದಿಂದ. ಎರಡನೆಯದೂ ಕೈಗೆ ಹತ್ತಬೇಕು ಅಂದರೆ ಕಾಲೇಜಿನ ಹೆಸರಿಗಿಂತ ಹೆಚ್ಚಾಗಿ, ಅಲ್ಲಿ ಅಂಕ ಯಾವುದಕ್ಕೆ ಕೊಡುತ್ತಾರೆ ಅಂತ ನೋಡಿ ಆರಿಸಬೇಕು. ಈ ವಿಷಯ ಪಾಠ ಮಾಡೋದೇ ನನ್ನ ಕಸುಬು. ತಮ್ಮ ಸರಕನ್ನು ಯಾರೂ ಕೆಟ್ಟದ್ದು ಅನ್ನಲ್ಲ, ಹಾಗಾಗಿ ನನ್ನ ಮಾತನ್ನೂ ಪರೀಕ್ಷೆ ಮಾಡಿಯೇ ನಂಬಿ.

ಮೊದಲು ಅಣ್ಣನ ಮಾತು. ಮೈಕ್ರೋಸಾಫ್ಟ್‌ನ ಬಿಲ್ ಗೇಟ್ಸ್ 1975ರಲ್ಲಿ ಹಾರ್ವರ್ಡ್ ಬಿಟ್ಟದ್ದು ನಿಜ. ಆದರೆ ಅಷ್ಟು ಹೊತ್ತಿಗೆ ಅವರು 13ನೇ ವಯಸ್ಸಿನಿಂದ ಪ್ರೋಗ್ರಾಮ್ ಬರೆಯುತ್ತಾ ಬಂದಿದ್ದರು. ಗೆಳೆಯ ಪಾಲ್ ಆಲೆನ್ ಜೊತೆ ಸಣ್ಣದೊಂದು ಕಂಪನಿ ನಡೆಸಿ ನೋಡಿದ್ದರು. ಮಾರಲು ಸಾಫ್ಟ್‌ವೇರ್ ಇತ್ತು, ಕೊಳ್ಳಲು ಒಂದು ಕಂಪನಿಯೂ ಸಿಕ್ಕಿತ್ತು. ಬಿಸಿನೆಸ್ ಬಾಗಿಲಿಗೆ ಬಂದು ನಿಂತಿದ್ದಕ್ಕೆ ಅವರು ಕಾಲೇಜು ಬಿಟ್ಟರು. ಕಾಲೇಜು ಬಿಟ್ಟು, ಏನೂ ಆಗದೆ, ಸುಮ್ನೆ ಮನೆಗೆ ಮರಳಿದವರ ಕಥೆಯನ್ನು ಯಾರೂ ಬರೆಯಲ್ಲ ಅಲ್ವಾ? ಗೆದ್ದವರನ್ನಷ್ಟೇ ಎಣಿಸಿದರೆ ಯಾವ ಲೆಕ್ಕವೂ ಸರಿಬರಲ್ಲ.

ಅಣ್ಣನಿಗೆ ಇನ್ನೊಂದು ಕಥೆ ಹೇಳಿ. ಫಿಲ್ ನೈಟ್ ಸ್ಟ್ಯಾನ್‌ಫೋರ್ಡ್‌ನಲ್ಲಿ ಎಂಬಿಎ ಓದುತ್ತಿದ್ದಾಗ ಉದ್ಯಮಶೀಲತೆಯ ತರಗತಿಗೆ ಒಂದು ಪ್ರಬಂಧ ಬರೆದರು. ಕ್ಯಾಮೆರಾ ಮಾರುಕಟ್ಟೆಯಲ್ಲಿ ಜಪಾನಿನವರು ಜರ್ಮನ್ನರನ್ನು ಹಿಂದೆ ಹಾಕಿದ ಹಾಗೆ ಓಟದ ಬೂಟಿನಲ್ಲೂ ಹಾಕಬಹುದಾ ಅನ್ನೋದು ಅದರ ಪ್ರಶ್ನೆ. 1962ರಲ್ಲಿ ಓದು ಮುಗಿಸಿದವರೇ ಜಪಾನಿಗೆ ಹೋಗಿ ಒಂದು ಬೂಟು ಕಂಪನಿಯ ಜೊತೆ ಮಾತಾಡಿ ಬಂದರು. 1964ರಲ್ಲಿ ಅವರೂ ಅವರ ಓಟದ ಕೋಚ್ ಬಿಲ್ ಬೋವರ್ಮನ್ನೂ ತಲಾ 500 ಡಾಲರ್ ಹಾಕಿ ಕಂಪನಿ ಕಟ್ಟಿದರು. ಅದೇ ಮುಂದೆ ನೈಕಿ ಆಯಿತು. ಇಷ್ಟು ಬಹಳ ಜನಕ್ಕೆ ಗೊತ್ತು. ಜಾಸ್ತಿ ಜನ ಗಮನಿಸದ ವಿಷಯ ಬೇರೆ ಇದೆ. ಆ ಕಂಪನಿ ತನ್ನ ಕಾಲ ಮೇಲೆ ನಿಲ್ಲುವವರೆಗೆ ನೈಟ್ ಹೊಟ್ಟೆಪಾಡಿಗೆ ಮಾಡಿದ್ದು ಅಕೌಂಟೆಂಟ್ ಕೆಲಸ, ಆಮೇಲೆ ಒಂದು ವಿಶ್ವವಿದ್ಯಾಲಯದಲ್ಲಿ ಅಕೌಂಟಿಂಗ್ ಪಾಠ. ಐಡಿಯಾ ಉದ್ಯಮಶೀಲತೆ ತರಗತಿಯಿಂದ ಬಂತು, ಅದು ಬೇರು ಬಿಡುವವರೆಗೆ ಮನೆ ನಡೆಸಿದ್ದು ಲೆಕ್ಕಪತ್ರ.

ಇನ್ನು 'ಬೇಗ ಶುರುಮಾಡದಿದ್ದರೆ ತಡವಾಗುತ್ತೆ' ಅನ್ನೋ ಆತಂಕ. ಅಮೆರಿಕದ ಜನಗಣತಿ ಇಲಾಖೆಯ ದಾಖಲೆಗಳನ್ನು ಇಟ್ಟುಕೊಂಡು ನಾಲ್ವರು ಅರ್ಥಶಾಸ್ತ್ರಜ್ಞರು ಒಂದು ದೊಡ್ಡ ಅಧ್ಯಯನ ಮಾಡಿದರು. 2020ರಲ್ಲಿ ಪ್ರಕಟವಾಯಿತು. ಅತಿ ವೇಗವಾಗಿ ಬೆಳೆದ ಕಂಪನಿಗಳನ್ನು, ಅಂದರೆ ಸಾವಿರಕ್ಕೊಂದರಂತೆ ಮೇಲಿನವನ್ನು ಆರಿಸಿ, ಅವನ್ನು ಶುರುಮಾಡಿದವರ ವಯಸ್ಸು ನೋಡಿದರು. ಸರಾಸರಿ 45. ಹೊಸ ಕಂಪನಿ ಯಾವ ಕ್ಷೇತ್ರದ್ದೋ ಅದೇ ಕ್ಷೇತ್ರದಲ್ಲಿ ಮೊದಲೇ ದುಡಿದಿದ್ದವರು ಗೆಲ್ಲುವ ಸಾಧ್ಯತೆಯೂ ಸಾಕಷ್ಟು ಜಾಸ್ತಿ ಇತ್ತು. 18ರಲ್ಲಿ 'ಏನು ಮಾಡಬೇಕು ಅಂತ ಗೊತ್ತಿಲ್ಲ' ಅಂದರೆ ಅದೊಂದು ಕೊರತೆಯೇ ಅಲ್ಲ. ನಿಮಗೆ ಸಮಯ ಇದೆ.

ಈಗ ನಿಮ್ಮ ಮುಖ್ಯ ಪ್ರಶ್ನೆ: ಕಲಿಸೋಕೆ ಆಗುತ್ತಾ?

ಹಾರ್ವರ್ಡ್ 1908ರಿಂದಲೇ ಬಿಸಿನೆಸ್ ಕಲಿಸುತ್ತಿದೆ. ಆದರೆ ಹೊಸ ಉದ್ಯಮ ಶುರುಮಾಡೋದನ್ನೇ ವಿಷಯ ಮಾಡಿಕೊಂಡ ತರಗತಿ ಅಲ್ಲಿ ಬಂದದ್ದು 1947ರಲ್ಲಿ. ಎರಡನೇ ಮಹಾಯುದ್ಧ ಮುಗಿಸಿ ಬಂದ ಸೈನಿಕರು ಓದಲು ಕೂತಿದ್ದ ಕಾಲ ಅದು. ಮೈಲ್ಸ್ ಮೇಸ್ ಅನ್ನುವ ಅಧ್ಯಾಪಕರು ಶುರುಮಾಡಿದ ಆ ತರಗತಿಗೆ ಮೊದಲ ಸಲವೇ 188 ಮಂದಿ ಸೇರಿದರು. ಅಂದರೆ ಮ್ಯಾನೇಜ್‌ಮೆಂಟ್ ಪಾಠಕ್ಕಿಂತ ಇದು ಸುಮಾರು 40 ವರ್ಷ ಚಿಕ್ಕದು. ಹೇಗೆ ಕಲಿಸಬೇಕು ಅನ್ನೋ ಜಗಳ ಇವತ್ತಿಗೂ ಮುಗಿದಿಲ್ಲ.

ಪರೀಕ್ಷೆ ಮಾಡಿ ನೋಡಿದವರೂ ಇದ್ದಾರೆ. ನೆದರ್‌ಲ್ಯಾಂಡ್ಸ್‌ನ ಒಂದು ಕಾಲೇಜಿಗೆ ಎರಡು ಕ್ಯಾಂಪಸ್ ಇತ್ತು. ಒಂದರಲ್ಲಿ ವಿದ್ಯಾರ್ಥಿಗಳು ತಂಡ ಕಟ್ಟಿ ಪುಟ್ಟ ಕಂಪನಿ ನಡೆಸುವ ಕೋರ್ಸ್ ಕಡ್ಡಾಯ. ಇನ್ನೊಂದರಲ್ಲಿ ಅದು ಇರಲಿಲ್ಲ. 2010ರಲ್ಲಿ ಬಂದ ಫಲಿತಾಂಶ ನಮ್ಮಂಥ ಮೇಷ್ಟ್ರುಗಳಿಗೆ ಸ್ವಲ್ಪ ಕಹಿಯೇ. ಕೋರ್ಸ್ ಮಾಡಿದವರ ಕೌಶಲ ಗಮನಕ್ಕೆ ಬರುವಷ್ಟು ಹೆಚ್ಚಿರಲಿಲ್ಲ. ಮೇಲಾಗಿ ಸ್ವಂತ ಉದ್ಯಮ ಮಾಡುವ ಆಸೆಯೇ ಕಡಿಮೆಯಾಗಿತ್ತು! ನನಗೆ ಮಾತ್ರ ಇದು ಅಷ್ಟೇನೂ ಕೆಟ್ಟ ಸುದ್ದಿ ಅನ್ನಿಸಲ್ಲ. ಈ ಕೆಲಸ ತನಗೆ ಒಗ್ಗಲ್ಲ ಅಂತ 19ನೇ ವಯಸ್ಸಿನಲ್ಲಿ, ಸಾಲ ಇಲ್ಲದೆ, ಸಂಸಾರದ ಭಾರ ಇಲ್ಲದೆ ಗೊತ್ತಾದರೆ ಅದು ಲಾಭವೇ.

ಇನ್ನೊಂದು ಪ್ರಯೋಗ ಪಶ್ಚಿಮ ಆಫ್ರಿಕಾದ ಟೋಗೊ ದೇಶದ್ದು. 1,500 ಸಣ್ಣ ಉದ್ಯಮಿಗಳನ್ನು ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ಮಾಮೂಲಿ ಬಿಸಿನೆಸ್ ತರಬೇತಿ, ಅಂದರೆ ಲೆಕ್ಕ, ಮಾರ್ಕೆಟಿಂಗ್ ಇತ್ಯಾದಿ. ಇನ್ನೊಂದಕ್ಕೆ ಮನೋವಿಜ್ಞಾನದ ತರಬೇತಿ: ಯಾರೂ ಹೇಳುವ ಮುಂಚೆ ತಾನೇ ಹೆಜ್ಜೆ ಇಡೋದು, ಮುಂದೆ ಬರಬಹುದಾದ ತೊಂದರೆಗೆ ಈಗಲೇ ತಯಾರಾಗೋದು, ಒಂದು ದಾರಿ ಮುಚ್ಚಿದರೆ ಇನ್ನೊಂದನ್ನು ಹುಡುಕೋದು. ಮೂರನೇ ಗುಂಪಿಗೆ ಏನೂ ಇಲ್ಲ. 2017ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಮನೋವಿಜ್ಞಾನದ ತರಬೇತಿ ಪಡೆದವರ ಲಾಭ ಶೇ 30ರಷ್ಟು ಏರಿತ್ತು. ಮಾಮೂಲಿ ತರಬೇತಿಯವರದ್ದು ಶೇ 11. ಅದೂ ಕಾಕತಾಳೀಯ ಇರಬಹುದು ಅನ್ನುವಷ್ಟು ಸಣ್ಣ ವ್ಯತ್ಯಾಸ.

ಹಾಗಾದರೆ ಲೆಕ್ಕಪತ್ರ ವೇಸ್ಟ್ ಅಂತಾನಾ? ಇಲ್ಲಿ ಸ್ವಲ್ಪ ತಾಳ್ಮೆ ಬೇಕು. ಟೋಗೊದಲ್ಲಿದ್ದವರು ತೀರಾ ಪುಟ್ಟ ಉದ್ಯಮದವರು. ಉದ್ಯಮ ದೊಡ್ಡದಾದಂತೆ ಚಿತ್ರ ಬದಲಾಗುತ್ತದೆ. ಮುಂಬೈ ಸುತ್ತಮುತ್ತಲಿನ ಬಟ್ಟೆ ಕಾರ್ಖಾನೆಗಳಲ್ಲಿ ನಡೆದ ಇನ್ನೊಂದು ಪ್ರಯೋಗ 2013ರಲ್ಲಿ ಪ್ರಕಟವಾಯಿತು. ಅಲ್ಲಿ ಕಲಿಸಿದ್ದು ಸಪ್ಪೆ ಅನ್ನಿಸುವಂಥ ಮ್ಯಾನೇಜ್‌ಮೆಂಟ್. ದಾಸ್ತಾನಿನ ಲೆಕ್ಕ ಇಡೋದು, ಕೆಟ್ಟ ಸರಕು ಎಲ್ಲಿ ಹುಟ್ಟುತ್ತಿದೆ ಅಂತ ಬರೆದಿಡೋದು, ಯಂತ್ರಗಳಿಗೆ ವೇಳೆಗೆ ಸರಿಯಾಗಿ ರಿಪೇರಿ ಮಾಡಿಸೋದು. ಮೊದಲ ವರ್ಷವೇ ಉತ್ಪಾದಕತೆ ಶೇ 17 ಏರಿತು. ಎರಡನ್ನೂ ಸೇರಿಸಿ ಓದಿದರೆ ನನಗೆ ಕಾಣೋದು ಇಷ್ಟು. ಶುರುಮಾಡುವ ಹಂತದಲ್ಲಿ ಬೇಕಾದ್ದು ಮುನ್ನುಗ್ಗುವ ಅಭ್ಯಾಸ, ಶುರುವಾದ ಮೇಲೆ ಉಳಿಸಿಕೊಳ್ಳಲು ಬೇಕಾದ್ದು ಮ್ಯಾನೇಜ್‌ಮೆಂಟ್. ಅಮೆರಿಕದ ಅಂಕಿಅಂಶ ನೋಡಿದರೆ ಹೊಸ ಉದ್ಯಮಗಳಲ್ಲಿ ಸುಮಾರು ಐದರಲ್ಲೊಂದು ಮೊದಲ ವರ್ಷದಲ್ಲೇ ಮುಚ್ಚುತ್ತದೆ, ಐದು ವರ್ಷದೊಳಗೆ ಹತ್ತಿರ ಹತ್ತಿರ ಅರ್ಧ ಮುಚ್ಚುತ್ತವೆ.

ಹೀಗಾಗಿ 'ಬೋರು' ಅನ್ನಿಸುವ ವಿಷಯಗಳ ಪರವಾಗಿ ಸ್ವಲ್ಪ ವಾದ ಮಾಡುತ್ತೇನೆ. ಉದ್ಯಮಶೀಲತೆಯ ಆಸೆ ಹೊತ್ತು ಬಂದ ವಿದ್ಯಾರ್ಥಿಗಳು ಮೊದಲು ಚಕ್ಕರ್ ಹಾಕೋದು ಅಕೌಂಟಿಂಗ್ ಕ್ಲಾಸಿಗೆ. 'ಅದಕ್ಕೆ ಅಕೌಂಟೆಂಟ್ ಇಟ್ಕೊಂಡ್ರಾಯ್ತು ಸಾರ್' ಅಂತಾರೆ. ಒಂದು ಲೆಕ್ಕ ತೋರಿಸ್ತೀನಿ, ಪೆನ್ನು ಹಿಡಿದು ಕೂತು ನೋಡಿ.

ನೀವೊಂದು ವಸ್ತು ತಯಾರಿಸ್ತೀರಿ ಅಂದುಕೊಳ್ಳಿ. ಒಂದಕ್ಕೆ ತಗಲುವ ಖರ್ಚು 70, ಮಾರುವ ಬೆಲೆ 100. ಯಾವ ದೇಶದ ದುಡ್ಡಾದರೂ ಆಗಲಿ. ಒಂದೊಂದರ ಮೇಲೂ 30 ಲಾಭ, ಚೆನ್ನಾಗೇ ಇದೆ. ಬೇಡಿಕೆಯೂ ತಿಂಗಳು ತಿಂಗಳು ಏರುತ್ತಿದೆ: ಮೊದಲ ತಿಂಗಳು 100, ಆಮೇಲೆ 150, 200, 250, 300. ಕಚ್ಚಾ ಸರಕು ಕೊಡುವವರು ಕೈಯಲ್ಲಿ ದುಡ್ಡು ಕೇಳ್ತಾರೆ. ನಿಮ್ಮಿಂದ ಕೊಳ್ಳುವ ಅಂಗಡಿಯವರು ಎರಡು ತಿಂಗಳು ಬಿಟ್ಟು ಕೊಡ್ತಾರೆ. ಐದು ತಿಂಗಳಲ್ಲಿ ಒಟ್ಟು 1,000 ವಸ್ತು ಮಾರಿದ್ದೀರಿ. ಪುಸ್ತಕದಲ್ಲಿ ಲಾಭ 30,000. ಈಗ ಗಲ್ಲಾಪೆಟ್ಟಿಗೆ ತೆಗೆಯಿರಿ. ಹೊರಗೆ ಹೋದದ್ದು 1,000 ಸಲ 70, ಅಂದರೆ 70,000. ಒಳಗೆ ಬಂದದ್ದು ಮೊದಲ ಮೂರು ತಿಂಗಳ ಮಾರಾಟದ ದುಡ್ಡು ಮಾತ್ರ, 450 ವಸ್ತುಗಳದ್ದು, 45,000. ಅಂದರೆ 25,000 ಕಡಿಮೆ ಬಿದ್ದಿದೆ. 30,000 ಲಾಭ ಮಾಡಿದವರ ಕೈಯಲ್ಲಿ ಮುಂದಿನ ತಿಂಗಳ ಬಾಡಿಗೆಗೂ ದುಡ್ಡಿಲ್ಲ. ವ್ಯಾಪಾರ ಕುಸಿದದ್ದಕ್ಕಲ್ಲ, ಬೆಳೆದದ್ದಕ್ಕೇ ಹೀಗಾಗಿದ್ದು.

ಈಗ ಒಂದೇ ಒಂದು ಬದಲಾವಣೆ ಮಾಡಿ. ಅಂಗಡಿಯವರು ಎರಡರ ಬದಲು ಒಂದೇ ತಿಂಗಳಿಗೆ ದುಡ್ಡು ಕೊಡಲಿ. ಮೊದಲ ತಿಂಗಳ ಕೊನೆಗೆ 7,000 ಕಡಿಮೆ ಬೀಳುತ್ತೆ, ಎರಡನೇ ತಿಂಗಳಿಗೆ 7,500. ಅದೇ ಅತಿ ಹೆಚ್ಚು. ಆಮೇಲೆ ಅದು ಇಳಿಯುತ್ತಾ ಬಂದು ಐದನೇ ತಿಂಗಳ ಕೊನೆಗೆ ಸೊನ್ನೆ. ಬೆಲೆ ಬದಲಾಗಿಲ್ಲ, ಖರ್ಚು ಬದಲಾಗಿಲ್ಲ, ಗಿರಾಕಿ ಹೆಚ್ಚಿಲ್ಲ. ಉದ್ರಿಯ ಅವಧಿ ಒಂದು ತಿಂಗಳು ಕಡಿಮೆಯಾಯಿತು, ಅಷ್ಟೇ. ಮಾರಿದ ದುಡ್ಡು ಬರುವವರೆಗೆ ವ್ಯಾಪಾರ ನಡೆಸಲು ಕೈಯಿಂದ ಹಾಕಬೇಕಾದ ಈ ಹಣಕ್ಕೆ ವರ್ಕಿಂಗ್ ಕ್ಯಾಪಿಟಲ್ ಅಂತ ಹೆಸರು. ಪಠ್ಯಪುಸ್ತಕದಲ್ಲಿ ಒಣ ಅಧ್ಯಾಯವಾಗಿ ಬರುತ್ತೆ, ವಿದ್ಯಾರ್ಥಿಗಳು ಸೂತ್ರ ಬಾಯಿಪಾಠ ಮಾಡಿ ಪಾಸಾಗುತ್ತಾರೆ. ಕೊಟ್ಟವನು ಕೋಡಂಗಿ, ಇಸ್ಕೊಂಡವನು ವೀರಭದ್ರ ಅನ್ನೋ ಗಾದೆಯನ್ನು ಲೆಕ್ಕದ ಪುಸ್ತಕದಲ್ಲಿ ಬರೆದರೆ ಈ ಅಧ್ಯಾಯವೇ ಆಗೋದು. ಇದನ್ನು ಅಕೌಂಟೆಂಟ್‌ಗೆ ಬಿಡೋಕೆ ಆಗಲ್ಲ. ಅಂಗಡಿಯವರ ಎದುರು ಕೂತು 'ಒಂದೇ ತಿಂಗಳು, ಅದಕ್ಕಿಂತ ಜಾಸ್ತಿ ಆಗಲ್ಲ' ಅಂತ ಹೇಳಬೇಕಾದವರು ನೀವು. ಆ ಒಂದು ತಿಂಗಳಿಗೆ ಎಷ್ಟು ಬೆಲೆ ಅಂತ ತಲೆಯಲ್ಲಿ ಲೆಕ್ಕ ಓಡದಿದ್ದರೆ ಹೇಗೆ ಚೌಕಾಸಿ ಮಾಡ್ತೀರಿ?

ಉಳಿದ ವಿಷಯಗಳ ಬಗ್ಗೆ ಚುಟುಕಾಗಿ ಹೇಳ್ತೀನಿ. ಒಪ್ಪಂದದ ಕಾನೂನು ತಪ್ಪದೆ ಓದಿ, ಒಂದು ಕರಾರುಪತ್ರವನ್ನು ಹೆದರದೆ ಓದುವಷ್ಟಾದರೂ. ಸ್ಟ್ಯಾಟಿಸ್ಟಿಕ್ಸ್ ಓದಿ, ಇಲ್ಲದಿದ್ದರೆ ಹತ್ತು ಜನ ಹೇಳಿದ್ದನ್ನೇ ಮಾರುಕಟ್ಟೆ ಅಂದುಕೊಳ್ತೀರಿ. ಮಾರ್ಕೆಟಿಂಗ್ ಇರಲಿ, ಆದರೆ ನಿಜವಾದ ಸೇಲ್ಸ್ ಕಲಿಸುವ ವಿಶ್ವವಿದ್ಯಾಲಯ ಅಪರೂಪ. ಕಲಿಸಿದರೆ ಬಿಡಬೇಡಿ. ಸ್ಟ್ರಾಟೆಜಿ ಅನ್ನೋ ವಿಷಯಕ್ಕೆ ಬಹಳ ಮರ್ಯಾದೆ ಇದೆ. ಅದರ ಚೌಕಟ್ಟುಗಳಲ್ಲಿ ಹೆಚ್ಚಿನವು ಈಗಾಗಲೇ ದೊಡ್ಡದಾಗಿರುವ ಕಂಪನಿಗಳನ್ನು ನೋಡಿ ಮಾಡಿದ್ದು. ಸ್ವಾಟ್ ಕೋಷ್ಟಕ (ಕಂಪನಿಯ ಬಲ, ದೌರ್ಬಲ್ಯ, ಅವಕಾಶ, ಅಪಾಯಗಳ ಪಟ್ಟಿ) ಬರೆದು ಮೊದಲ ಗಿರಾಕಿಯನ್ನು ಹಿಡಿದವರನ್ನು ನಾನಂತೂ ನೋಡಿಲ್ಲ.

ಇನ್ನು ಉದ್ಯಮಶೀಲತೆಯ ಭಾಗ. ಬಹಳ ವರ್ಷ ಇದನ್ನು ಕಲಿಸಿದ ರೀತಿ ಒಂದೇ. ಐಡಿಯಾ ತನ್ನಿ, ಐವತ್ತು ಪುಟದ ಬಿಸಿನೆಸ್ ಪ್ಲಾನ್ ಬರೆಯಿರಿ, ಐದು ವರ್ಷದ ಆದಾಯದ ಅಂದಾಜು ಹಾಕಿ, ಕೋಟು ಹಾಕಿಕೊಂಡು ಬಂದು ಸ್ಲೈಡ್ ತೋರಿಸಿ. ಈಗ ಈ ವಿಧಾನ ಪಕ್ಕಕ್ಕೆ ಸರಿಯುತ್ತಿದೆ. ಅದಕ್ಕೆ ಒಂದು ಕಾರಣ ಸರಸ್ ಸರಸ್ವತಿ ಅನ್ನುವ ವಿದ್ವಾಂಸರ ಕೆಲಸ. ನೊಬೆಲ್ ಪ್ರಶಸ್ತಿ ಪಡೆದ ಹರ್ಬರ್ಟ್ ಸೈಮನ್ ಅವರ ಬಳಿ ಸಂಶೋಧನೆ ಮಾಡಿದವರು. ಕಂಪನಿ ಕಟ್ಟಿ ಅನುಭವ ಇದ್ದ 27 ಮಂದಿಗೆ ಅವರು ಒಂದು ಕಾಲ್ಪನಿಕ ವಸ್ತು ಕೊಟ್ಟು, ಇದರಿಂದ ಬಿಸಿನೆಸ್ ಹೇಗೆ ಕಟ್ಟುತ್ತೀರಿ, ಯೋಚಿಸೋದನ್ನೆಲ್ಲ ಬಾಯಿಬಿಟ್ಟು ಹೇಳಿ ಅಂದರು. ಹೇಳಿದ್ದನ್ನೆಲ್ಲ ದಾಖಲಿಸಿಕೊಂಡರು. ಪಠ್ಯಪುಸ್ತಕ ಹೇಳುವ ಹಾಗೆ ಗುರಿ ಇಟ್ಟು, ಮಾರುಕಟ್ಟೆ ಸಮೀಕ್ಷೆ ಮಾಡಿ, ಆಮೇಲೆ ಬಂಡವಾಳ ಹುಡುಕುವ ಯೋಚನೆ ಅಲ್ಲಿ ಹೆಚ್ಚು ಕಾಣಲಿಲ್ಲ. ನನ್ನ ಕೈಯಲ್ಲಿ ಏನಿದೆ, ನನಗೆ ಯಾರು ಗೊತ್ತು, ಅದರಿಂದ ಇವತ್ತೇ ಏನು ಮಾಡಬಹುದು, ಅಲ್ಲಿಂದ ಶುರು. ಎಷ್ಟು ಗಳಿಸಬಹುದು ಅನ್ನೋದಕ್ಕಿಂತ ಮೊದಲು, ಎಷ್ಟು ಹೋದರೆ ತಡೆದುಕೊಳ್ಳಬಲ್ಲೆ ಅಂತ ನೋಡುತ್ತಿದ್ದರು. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ ಬೆಳೆದವರಿಗೆ ಇದು ಹೊಸದೇನಲ್ಲ. ಆದರೆ ಅದೇ ಅನುಭವಿಗಳ ವಿಧಾನ ಅಂತ 2001ರಲ್ಲಿ ಸಂಶೋಧನಾ ಪತ್ರಿಕೆಯಲ್ಲಿ ಬಂದಾಗ ಪಾಠದ ಕ್ರಮವೇ ಅಲುಗಾಡಿತು.

ಆಮೇಲೆ 2011ರಲ್ಲಿ ಸ್ಟೀವ್ ಬ್ಲ್ಯಾಂಕ್ ಅನ್ನುವ ಉದ್ಯಮಿ ಸ್ಟ್ಯಾನ್‌ಫೋರ್ಡ್‌ನಲ್ಲಿ ಒಂದು ಹೊಸ ಬಗೆಯ ತರಗತಿ ಶುರುಮಾಡಿದರು. ಅಲ್ಲಿ ಪ್ಲಾನ್ ಬರೆಯಂಗಿಲ್ಲ. ವಾರವಾರ ಹೊರಗೆ ಹೋಗಿ ಗಿರಾಕಿಗಳ ಜೊತೆ ಮಾತಾಡಬೇಕು, ಬಂದು ಏನು ತಪ್ಪಾಗಿ ಊಹಿಸಿದ್ದೆವು ಅಂತ ಒಪ್ಪಿಸಬೇಕು. ಇದರ ಹಿಂದಿನ ಯೋಚನೆಗೆ ಇಟಲಿಯಿಂದ ಒಳ್ಳೆಯ ಪುರಾವೆ ಬಂತು. 116 ಸ್ಟಾರ್ಟಪ್‌ಗಳಿಗೆ ಹೆಚ್ಚುಕಡಿಮೆ ಒಂದೇ ಪಾಠ ಮಾಡಿದರು. ಆದರೆ ಅರ್ಧದಷ್ಟು ಜನಕ್ಕೆ ಮಾತ್ರ, ನಿಮ್ಮ ಐಡಿಯಾವನ್ನು ವಿಜ್ಞಾನಿಗಳ ಹಾಗೆ ಪರೀಕ್ಷೆಗೆ ಒಡ್ಡಿ ಅಂತ ಕಲಿಸಿದರು. 2020ರ ಫಲಿತಾಂಶದ ಪ್ರಕಾರ ಹಾಗೆ ಕಲಿತವರು ಹೆಚ್ಚು ಗಳಿಸಿದರು, ಮೊದಲ ಐಡಿಯಾ ಬಿಟ್ಟು ಬೇರೆಯದಕ್ಕೆ ಹೊರಳುವುದೂ ಅವರಲ್ಲೇ ಹೆಚ್ಚಿತ್ತು.

ಪರೀಕ್ಷೆಗೆ ಒಡ್ಡೋದು ಅಂದರೆ ಏನು? ಹತ್ತಿರದಿಂದ ನೋಡೋಣ. ಪ್ರತಿ ವರ್ಷ ಯಾವುದಾದರೂ ಒಂದು ತಂಡ ಹಳೆ ಪಠ್ಯಪುಸ್ತಕ ಕೊಂಡು ಮಾರುವ ಆ್ಯಪ್ ಐಡಿಯಾ ತಂದೇ ತರುತ್ತದೆ. ಅವರು ಗೆಳೆಯರನ್ನು ಕೇಳುವ ಮೊದಲ ಪ್ರಶ್ನೆ: 'ಇಂಥ ಆ್ಯಪ್ ಇದ್ರೆ ಬಳಸ್ತೀಯಾ?' ಉತ್ತರ: 'ಓ, ಸೂಪರ್ ಐಡಿಯಾ, ಖಂಡಿತ!' ಮೂವತ್ತು ಜನ ಹೀಗೇ ಅಂತಾರೆ. ತಂಡ ಖುಷಿಯಾಗಿ ಲೋಗೋ ಮಾಡೋಕೆ ಕೂರುತ್ತೆ. ಅದೇ ಪ್ರಶ್ನೆಯನ್ನು ತಿರುಗಿಸಿ ನೋಡಿ.

'ಹೋದ ಸೆಮಿಸ್ಟರ್ ಪುಸ್ತಕ ಏನ್ ಮಾಡಿದೆ?'
'ರೂಮಲ್ಲೇ ಬಿದ್ದಿದೆ.'
'ಮಾರೋಕೆ ನೋಡಿದ್ಯಾ?'
'ಇಲ್ಲಪ್ಪ.'
'ಯಾಕೆ?'
'ಯಾರ್ ತಗೋತಾರೆ? ಸೀನಿಯರ್ಸ್ ಎಲ್ಲಾ ಪಿಡಿಎಫ್ ಕಳಿಸ್ತಾರಲ್ಲ. ನಾನೇ ಈ ಸಲ ಒಂದೂ ಕೊಂಡಿಲ್ಲ.'

ಕೊನೆಯ ಸಾಲಿನಲ್ಲಿ ಆ ಆ್ಯಪ್‌ನ ಕಥೆ ಮುಗಿಯಿತು. ಮೊದಲ ಪ್ರಶ್ನೆ ಮುಂದಿನದನ್ನು ಊಹಿಸಲು ಕೇಳಿತು, ಜನ ಮುಲಾಜಿಗೆ ಹೂಂ ಅಂದರು. ಎರಡನೆಯದು ಆಗಿಹೋದದ್ದನ್ನು ಕೇಳಿತು, ಅಲ್ಲಿ ಮುಲಾಜಿಗೆ ಜಾಗ ಇಲ್ಲ. ಇಷ್ಟನ್ನು ಒಂದು ಗಂಟೆಯಲ್ಲಿ ಹೇಳಿಕೊಡಬಹುದು. ಕೇಳೋಕೆ ಬರಬೇಕಾದರೆ ಮಾತ್ರ ಹಲವು ಜನರ ಎದುರು ಮುಖ ಸಪ್ಪೆ ಮಾಡಿಕೊಂಡು ಬರಬೇಕು. ಅದಕ್ಕೆ ಕೋರ್ಸ್‌ನಲ್ಲಿ ಸಮಯವೂ ಅಂಕವೂ ಇರಬೇಕು.

ಇಲ್ಲಿಗೆ ಕೋರ್ಸ್ ಗುರುತಿಸುವ ಪ್ರಶ್ನೆ ಬಂತು. ಕಾಲೇಜಿನ ಜಾಹೀರಾತು ಪುಸ್ತಿಕೆ ಪಕ್ಕಕ್ಕಿಡಿ. ಪಠ್ಯಕ್ರಮದ ಪೂರ್ತಿ ಪ್ರತಿ ತರಿಸಿಕೊಳ್ಳಿ. ಹೆಚ್ಚಿನ ಕಡೆ ಇಂಟರ್ನೆಟ್ಟಲ್ಲೇ ಸಿಗುತ್ತೆ. ಉದ್ಯಮಶೀಲತೆಯ ವಿಷಯಕ್ಕೆ ಅಂಕ ಹೇಗೆ ಹಂಚಿದ್ದಾರೆ ನೋಡಿ. ಬರೆದ ವರದಿಗೆ ಇಷ್ಟು, ಸ್ಲೈಡ್ ತೋರಿಸಿ ಮಾತಾಡಿದ್ದಕ್ಕೆ ಇಷ್ಟು ಅಂತ ಮಾತ್ರ ಇದ್ದರೆ, ಅಲ್ಲಿ ಕಲಿಯೋದು ಮೇಷ್ಟ್ರನ್ನು ಒಪ್ಪಿಸೋದನ್ನು. ಗಿರಾಕಿಗಳ ಜೊತೆ ಮಾತಾಡಿದ ದಾಖಲೆ, ನಿಜವಾಗಿ ಮಾರಿದ ಲೆಕ್ಕ, ಮೊದಲು ಅಂದುಕೊಂಡದ್ದು ಏನು, ಆಮೇಲೆ ಏನು ಬದಲಾಯಿತು, ಇವುಗಳಿಗೆ ಅಂಕ ಇದ್ದರೆ ಅದು ಒಳ್ಳೆಯ ಸೂಚನೆ. ಅಮೆರಿಕದ ಬ್ಯಾಬ್ಸನ್ ಕಾಲೇಜು ಇದಕ್ಕೆ ಹೆಸರುವಾಸಿ. ಅಲ್ಲಿ ಮೊದಲ ವರ್ಷದ ವಿದ್ಯಾರ್ಥಿಗಳಿಗೆ ಕಾಲೇಜೇ ಸಾಲ ಕೊಟ್ಟು, ತಂಡ ಕಟ್ಟಿಸಿ, ನಿಜವಾದ ವ್ಯಾಪಾರ ಮಾಡಿಸುವ ಪದ್ಧತಿ ಬೆಳೆದು ಬಂತು. ಎಲ್ಲ ಕಡೆ ಅಷ್ಟು ಸಿಗಲ್ಲ, ಆದರೆ ಆ ದಿಕ್ಕಿನಲ್ಲಿ ಇದೆಯಾ ಅಂತ ನೋಡಬಹುದು.

ಪ್ರವೇಶದ ವಿಚಾರಣೆಗೆ ಹೋದಾಗ ಅಧ್ಯಾಪಕರಿಗೆ ಒಂದು ಪ್ರಶ್ನೆ ಹಾಕಿ: 'ನಮ್ಮ ತಂಡದ ವ್ಯಾಪಾರ ನಷ್ಟವಾದ್ರೆ ಅಂಕ ಕಡಿಮೆ ಆಗುತ್ತಾ?' 'ಇಲ್ಲ, ಯಾಕೆ ನಷ್ಟವಾಯ್ತು ಅಂತ ನೀವು ಕಂಡುಕೊಂಡಿದ್ದನ್ನು ನೋಡ್ತೀವಿ' ಅಂದರೆ ನಿರಾಳವಾಗಿ ಸೇರಿ. ಲಾಭಕ್ಕೇ ಅಂಕ ಕೊಡುವ ಕಡೆ ಏನಾಗುತ್ತೆ ಗೊತ್ತಾ? ಎಲ್ಲರೂ ತಮ್ಮ ಚಿಕ್ಕಪ್ಪ, ಅತ್ತೆ, ಪಕ್ಕದ ಮನೆಯವರಿಗೆ ಮಾರಿ ಫಸ್ಟ್ ಕ್ಲಾಸ್ ತಗೋತಾರೆ. ಮೂರನೇ ವರ್ಷದ ವಿದ್ಯಾರ್ಥಿಗಳು ಸಿಕ್ಕರೆ ಕೇಳಿ, 'ನೀವು ಯಾರಿಗೆ ಏನು ಮಾರಿದ್ರಿ?' ಅವರು ಥಟ್ಟನೆ ಕಥೆ ಹೇಳೋಕೆ ಶುರುಮಾಡಿದರೆ ಸರಿ. ಪಿಚ್ ಸ್ಪರ್ಧೆಯಲ್ಲಿ, ಅಂದರೆ ತೀರ್ಪುಗಾರರ ಎದುರು ಐಡಿಯಾ ಒಪ್ಪಿಸುವ ಸ್ಪರ್ಧೆಯಲ್ಲಿ, ಗೆದ್ದ ಕಪ್ ತೋರಿಸಿದರೆ ಇನ್ನೊಂದೆರಡು ಪ್ರಶ್ನೆ ಕೇಳಿ. ಸ್ಪರ್ಧೆಗಳು ಕೆಟ್ಟವಲ್ಲ, ಹೆದರಿಕೆ ಬಿಡಿಸುತ್ತವೆ. ಆದರೆ ತೀರ್ಪುಗಾರರು ಗಿರಾಕಿಗಳಲ್ಲ. 1998ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಇಂಥ ಸ್ಪರ್ಧೆಯ ಅಂತಿಮ ಸುತ್ತಿಗೆ ಬಂದು ಗೆಲ್ಲದೆ ಹೋದ ತಂಡಗಳಲ್ಲೊಂದು ಅಕಮೈ. ಇಂಟರ್ನೆಟ್ ದಟ್ಟಣೆ ಸಂಭಾಳಿಸುವ ದೊಡ್ಡ ಕಂಪನಿಯಾಗಿ ಅದು ಬೆಳೆದದ್ದು ಆಮೇಲಿನ ಮಾತು.

ಎಎಸಿಎಸ್‌ಬಿ, ಈಕ್ವಿಸ್, ಆಂಬಾ ಅನ್ನುವ ಮಾನ್ಯತೆಗಳ ಬಗ್ಗೆ ಬಹಳ ಜನ ಕೇಳ್ತಾರೆ. ಬಿಸಿನೆಸ್ ಶಾಲೆಗಳನ್ನು ತಪಾಸಣೆ ಮಾಡುವ ಅಂತರರಾಷ್ಟ್ರೀಯ ವ್ಯವಸ್ಥೆಗಳು ಇವು (ಆಂಬಾ ನೋಡೋದು ಮುಖ್ಯವಾಗಿ ಎಂಬಿಎ ಥರದ ಕೋರ್ಸ್‌ಗಳನ್ನು). ಶಾಲೆ ಒಟ್ಟಾರೆ ಗಟ್ಟಿ ಇದೆ ಅಂತ ತಿಳಿಯುತ್ತೆ, ನಿಮ್ಮ ಕೋರ್ಸ್ ಹೇಗಿದೆ ಅಂತ ತಿಳಿಯಲ್ಲ. ಇದ್ದರೆ ಒಳ್ಳೆಯದು, ಅದೊಂದನ್ನೇ ನೋಡಿ ಸೇರಬೇಡಿ.

ನೀವು ಕೇಳದ ಒಂದು ಪ್ರಶ್ನೆಗೂ ಉತ್ತರ ಹೇಳಿಬಿಡ್ತೀನಿ. ಇದೇ ಪದವಿ ಬೇಕಾ, ಬೇರೆಯದಾದರೂ ಆಗುತ್ತಾ? ನಿಮಗೆ ಎಲೆಕ್ಟ್ರಾನಿಕ್ಸೋ, ವಿನ್ಯಾಸವೋ, ಕೃಷಿಯೋ, ಆಹಾರ ವಿಜ್ಞಾನವೋ, ಯಾವುದಾದರೂ ಒಂದರ ಹುಚ್ಚು ನಿಜವಾಗಲೂ ಇದ್ದರೆ, ಅದನ್ನೇ ಮುಖ್ಯ ವಿಷಯವಾಗಿ ತಗೊಳ್ಳಿ. ಮ್ಯಾನೇಜ್‌ಮೆಂಟ್ ಅನ್ನು ಪಕ್ಕದ ವಿಷಯವಾಗಿ ಓದಿ. ಏನನ್ನು ಮಾರಬೇಕು ಅನ್ನೋದು ಆ ಹುಚ್ಚಿನಿಂದಲೇ ಬರುತ್ತೆ. ಅಂಥದ್ದೇನೂ ಇಲ್ಲ, ಆದರೆ ಲೆಕ್ಕ ಬೇಜಾರಿಲ್ಲ, ಜನರ ಜೊತೆ ಏಗೋದು ಇಷ್ಟ ಅನ್ನುವವರಿಗೆ ಈ ಪದವಿ ಚೆನ್ನಾಗಿ ಹೊಂದುತ್ತೆ. ಅವರೂ ಹೊರಗಿನ ವಿಭಾಗದಲ್ಲಿ ಒಂದೆರಡು ವಿಷಯ ಓದಲಿ. ಬಿಸಿನೆಸ್ ವಿದ್ಯಾರ್ಥಿಗಳು ಬಿಸಿನೆಸ್ ವಿದ್ಯಾರ್ಥಿಗಳ ಜೊತೆಯೇ ತಂಡ ಕಟ್ಟಿದರೆ ವಸ್ತು ತಯಾರಿಸುವವರು ಯಾರೂ ಇರಲ್ಲ. ನಾಲ್ಕೂ ಜನ ಸಿಇಓ ಆಗಿಬಿಡ್ತಾರೆ.

ಗೆಳೆಯರ ಜೊತೆ ತಂಡ ಕಟ್ಟುವಾಗ ಮುಲಾಜು ಬಿಟ್ಟು ಕಾಗದದಲ್ಲಿ ಬರೆದುಕೊಳ್ಳಿ. ಮೂವರು ಗೆಳೆಯರು ಕಂಪನಿ ಶುರುಮಾಡಿ ಸಮಪಾಲು ಹಂಚಿಕೊಳ್ತಾರೆ. ಆರು ತಿಂಗಳಿಗೆ ಒಬ್ಬರಿಗೆ ಒಳ್ಳೆ ಕೆಲಸ ಸಿಕ್ಕಿ ಹೊರಟರು ಅಂದುಕೊಳ್ಳಿ. ಮೂರರಲ್ಲೊಂದು ಪಾಲು ಅವರ ಹೆಸರಲ್ಲೇ ಉಳಿಯುತ್ತೆ, ದುಡಿಯುವವರು ಇಬ್ಬರೇ. ಇದಕ್ಕೇ ವೆಸ್ಟಿಂಗ್ ಅನ್ನೋ ಪದ್ಧತಿ ಬಂದದ್ದು. ಸಾಮಾನ್ಯವಾಗಿ ನಾಲ್ಕು ವರ್ಷದಲ್ಲಿ ಪಾಲು ಸ್ವಲ್ಪ ಸ್ವಲ್ಪವಾಗಿ ಕೈಸೇರುತ್ತೆ, ಮೊದಲ ವರ್ಷ ಮುಗಿಯುವ ಮುಂಚೆ ಬಿಟ್ಟರೆ ಏನೂ ಇಲ್ಲ. ವಿಶ್ವವಿದ್ಯಾಲಯದ ಪ್ರಯೋಗಾಲಯ ಅಥವಾ ಹಣ ಬಳಸಿ ಏನಾದರೂ ಕಂಡುಹಿಡಿದರೆ ಅದರ ಹಕ್ಕು ಯಾರದ್ದು ಅನ್ನೋ ನಿಯಮವನ್ನೂ ಮೊದಲೇ ಓದಿಕೊಳ್ಳಿ. ಒಂದೊಂದು ಕಡೆ ಒಂದೊಂದು ಥರ ಇರುತ್ತೆ.

ಕೊನೆಗೆ ಅಮ್ಮನ ಚಿಂತೆ. ಈ ಪದವಿ ಮುಗಿಸಿದ ಬಹಳಷ್ಟು ಜನ ಮೊದಲು ಸೇರೋದು ಕೆಲಸಕ್ಕೇ: ಸೇಲ್ಸ್, ಮಾರ್ಕೆಟಿಂಗ್, ಹಣಕಾಸು, ಖರೀದಿ ವಿಭಾಗ, ಮಾನವ ಸಂಪನ್ಮೂಲ. ಡಾಕ್ಟರಿಕೆಯ ಹಾಗೆ ಒಂದೇ ನೇರ ದಾರಿ ಇಲ್ಲ, ಅದು ನಿಜ. ಹಾಗಾಗಿ ಓದುವಾಗಲೇ ಇಂಟರ್ನ್‌ಶಿಪ್ ಅಥವಾ ಒಂದು ವರ್ಷ ಕಂಪನಿಯಲ್ಲಿ ದುಡಿಯುವ ಅವಕಾಶ ಇರುವ ಕೋರ್ಸ್ ಆರಿಸಿದರೆ ಅಮ್ಮನಿಗೂ ಸಮಾಧಾನ. ಮುಂದೆ ಎಂಬಿಎ ಮಾಡುವ ಯೋಚನೆ ಇದ್ದರೆ ಪದವಿ ಆದ ತಕ್ಷಣ ಬೇಡ. ಕೆಲವು ವರ್ಷ ದುಡಿದು ಹೋದರೆ ಅಲ್ಲಿನ ಪಾಠ ಅರ್ಥವಾಗುವ ರೀತಿಯೇ ಬೇರೆ.

ಮೊದಲ ಕೆಲಸ ಆರಿಸುವಾಗ, ಗೆದ್ದವರ ಸರಾಸರಿ ವಯಸ್ಸು 45 ಅನ್ನುವ ಆ ಅಧ್ಯಯನದ ಲೆಕ್ಕ ನೆನಪಿರಲಿ. ನಿಮಗೆ ಆಸಕ್ತಿ ಇರುವ ಕ್ಷೇತ್ರದಲ್ಲೇ ಒಂದು ಸಣ್ಣ ಕಂಪನಿ ನೋಡಿ. ದೊಡ್ಡ ಕಂಪನಿಯಲ್ಲಿ ಒಂದು ಮೂಲೆಯ ಕೆಲಸ ಕಾಣುತ್ತೆ. ಸಣ್ಣದರಲ್ಲಿ ಗಿರಾಕಿ ಯಾಕೆ ಬಿಟ್ಟುಹೋದರು, ತಿಂಗಳ ಕೊನೆಗೆ ಸಂಬಳದ ದುಡ್ಡು ಎಲ್ಲಿಂದ ಬಂತು ಅನ್ನೋದೆಲ್ಲ ಕಣ್ಣೆದುರೇ ನಡೆಯುತ್ತೆ. ಸೇಲ್ಸ್ ಅಥವಾ ಅಕೌಂಟ್ಸ್ ವಿಭಾಗ ಸಿಕ್ಕರೆ ಇನ್ನೂ ಒಳ್ಳೆಯದು. ಕೆಲಸದಲ್ಲಿ ಇದ್ದುಕೊಂಡೇ ಸಂಜೆ ಹೊತ್ತು ಸ್ವಂತದ್ದು ಶುರುಮಾಡುವ ಆಲೋಚನೆ ಇದ್ದರೆ, ಆಫರ್ ಲೆಟರ್‌ಗೆ ಸಹಿ ಹಾಕುವ ಮುಂಚೆ ಎರಡು ಷರತ್ತು ಹುಡುಕಿ ಓದಿ. ಹೊರಗೆ ಬೇರೆ ವ್ಯವಹಾರ ಮಾಡಲು ಅನುಮತಿ ಬೇಕಾ ಅನ್ನೋದು ಒಂದು. ನೀವು ಬಿಡುವಿನಲ್ಲಿ ತಯಾರಿಸಿದ್ದೂ ಕಂಪನಿಯದ್ದೇ ಆಗುತ್ತಾ ಅನ್ನೋದು ಇನ್ನೊಂದು. ಅರ್ಥವಾಗದಿದ್ದರೆ ಎಚ್‌ಆರ್‌ನವರಿಗೆ ಇಮೇಲ್ ಮಾಡಿ, ಉತ್ತರವನ್ನು ಬರವಣಿಗೆಯಲ್ಲೇ ತಗೊಳ್ಳಿ.